ಕಾಣದ ತರಂಗಕ್ಕೆ ಮೇರೆ ಹಾಕುವವರು ಯಾರು?

ನೆರೆಯ ಮಾಳಿಗೆಯ ಮೇಲೆ ಮೊಬೈಲ್ ಗೋಪುರವೆದ್ದಿತೆಂದರೆ ಬೀದಿಯವರೆಲ್ಲ ಕೂಡಿ ಅಧಿಕಾರಿಗಳಿಗೆ ಮನವಿ ಬರೆದುಕೊಳ್ಳುವುದು ನಮ್ಮ ಪಟ್ಟಣಗಳಲ್ಲಿ ವಾಡಿಕೆಯಾಗಿದೆ. ಈ ಭೀತಿಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭವು. ಆದರೆ ಗೋಪುರದಿಂದ ಹೊರಡುವ ವಿದ್ಯುತ್ಕಾಂತ ತರಂಗಗಳಿಗೆ ಸರಕಾರವು ವಿಧಿಸಿದ ಮೇರೆಯು ಎಲ್ಲಿಂದ ಬಂದಿತೆಂಬುದನ್ನು ಆ ಜನರಿಗೆ ತಿಳಿಯಹೇಳಿದವರು ಯಾರು?

ಅದು ಪ್ರಕೃತಿಯು ಬರೆದಿಟ್ಟ ಗೆರೆಯಲ್ಲ. 1953ರಲ್ಲಿ ಅಮೆರಿಕದ ಹರ್ಮನ್ ಶ್ವಾನ್ ಎಂಬ ವಿದ್ವಾಂಸರು, ಶರೀರವು ತಾಳಬಲ್ಲ ಶಾಖವನ್ನು ಗಣಿಸಿ, ಚದರ ಸೆಂಟಿಮೀಟರಿಗೆ 10 ಮಿಲಿವಾಟ್ ಎಂಬ ಮಿತಿಯನ್ನು ಸೂಚಿಸಿದರು. ಅದೇ ದಶಕದ ಕೊನೆಗೆ ಸೋವಿಯತ್ ದೇಶವು ದಿನವಿಡೀ ದುಡಿಯುವವರಿಗೆ ಗೊತ್ತುಪಡಿಸಿದ ಮಿತಿಯು ಅದರ ಸಾವಿರದಲ್ಲೊಂದು ಪಾಲು! ದೇಹವೂ ಒಂದೇ, ತರಂಗವೂ ಒಂದೇ. ಅಲ್ಲಿಯವರು ಶಾಖವನ್ನು ಮಾತ್ರ ಎಣಿಸಿದರು. ಇಲ್ಲಿಯವರು ಕೆಲಸಗಾರರ ತಲೆನೋವು, ಆಯಾಸಗಳನ್ನೂ ಲೆಕ್ಕಕ್ಕೆ ಹಿಡಿದರು.

1998ರಲ್ಲಿ ಅಂತರರಾಷ್ಟ್ರೀಯ ಆಯೋಗವು ಅನುಸರಿಸಿದ ಕ್ರಮವು ಬಿಚ್ಚಿ ಹೇಳಿದರೆ ಯಾರಿಗಾದರೂ ಅರ್ಥವಾಗುವಂಥದು. ದೇಹದ ಪ್ರತಿ ಕಿಲೋಗ್ರಾಮು ತೂಕವು 4 ವಾಟ್ ಶಕ್ತಿಯನ್ನು ಹೀರಿದರೆ ಮೈಶಾಖವು ಸುಮಾರು ಒಂದು ಡಿಗ್ರಿ ಏರುವುದು. ಕೆಲಸಗಾರರಿಗೆ ಅದರ ಹತ್ತನೆಯ ಒಂದಂಶ; ಶಿಶುಗಳೂ ರೋಗಿಗಳೂ ಇರುವ ಸಾಮಾನ್ಯ ಜನರಿಗೆ ಐವತ್ತನೆಯ ಒಂದಂಶ, ಎಂದರೆ 0.08 ವಾಟ್. ಶಾಖದ ಅಳತೆಯು ವಿಜ್ಞಾನವು. ಹತ್ತು, ಐವತ್ತು ಎಂಬ ಭಾಜಕಗಳಾದರೋ ಮನುಷ್ಯರ ವಿವೇಚನೆ.

ಈ ಲೆಕ್ಕದಂತೆ 900 ಮೆಗಾಹರ್ಟ್ಸ್ ತರಂಗಕ್ಕೆ ಚದರ ಮೀಟರಿಗೆ 4.5 ವಾಟ್ ಮಿತಿಯಾಯಿತು. 2012ರ ಸೆಪ್ಟೆಂಬರ್ 1ರಿಂದ ಭಾರತ ಸರಕಾರವು ಅದನ್ನು 0.45ಕ್ಕೆ ಇಳಿಸಿತು. ಇದು ಮುಂಜಾಗ್ರತೆಯ ಕ್ರಮವೇ ಹೊರತು, ಹತ್ತು ಪಾಲು ಅಪಾಯವು ಹೊಸದಾಗಿ ಗೋಚರಿಸಿದ್ದರಿಂದ ಆದುದಲ್ಲ. ಮುಂಜಾಗ್ರತೆಯನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಕಾರಣವನ್ನು ಮನೆಮನೆಗೆ ಮುಟ್ಟಿಸದೆ ಅಂಕಿಯನ್ನು ಮಾತ್ರ ಇಳಿಸಿದರೆ, ಹಿಂದಿನ ಅಂಕಿಯೇ ವಿಷವಾಗಿತ್ತೆಂದು ಜನರು ಬಗೆಯುವುದು ಸಹಜವಲ್ಲವೆ?

ಇನ್ನೊಂದು ವಿಚಿತ್ರವುಂಟು. ಗೋಪುರವನ್ನು ದೂರಕ್ಕೆ ಓಡಿಸಿದರೆ, ಅದನ್ನು ಮುಟ್ಟಲು ಕಿವಿಗೊತ್ತಿಕೊಂಡ ಫೋನೇ ಹೆಚ್ಚು ಶಕ್ತಿಯನ್ನು ಹೊರಸೂಸಬೇಕಾಗುವುದು. ಮನವಿಗೆ ರುಜು ಹಾಕುವ ಮಹನೀಯರು ಇದನ್ನೂ ಕೊಂಚ ಯೋಚಿಸಲಿ.

ಮೇರೆಯೆಷ್ಟೇ ಬಿಗಿಯಾಗಿರಲಿ, ಅಳೆಯದಿದ್ದರೆ ಅದು ಕಾಗದದ ಮೇಲಿನ ಗೆರೆ. 2017ರಲ್ಲಿ ‘ತರಂಗ್ ಸಂಚಾರ್’ ಎಂಬ ಜಾಲತಾಣವು ತೆರೆದಾಗ, ತನ್ನ ಮನೆಯ ಬಳಿ ಅಳತೆ ಮಾಡಿಸಬಯಸುವ ನಾಗರಿಕನಿಗೆ 4000 ರೂಪಾಯಿ ಶುಲ್ಕವನ್ನು ಗೊತ್ತುಮಾಡಲಾಯಿತು. ತನ್ನ ಮಗುವಿನ ತೊಟ್ಟಿಲ ಮೇಲೆ ಏನು ಬೀಳುತ್ತಿದೆಯೆಂದು ತಿಳಿಯಲು ಬಡ ಗುಮಾಸ್ತನು ಅಷ್ಟು ತೆರಬೇಕೆ? ಅಳೆದ ಅಂಕಿಯನ್ನೂ ವಿಧಿಸಿದ ಮಿತಿಯನ್ನೂ ಅಳತೆಯ ದಿನಾಂಕವನ್ನೂ ಕನ್ನಡದಲ್ಲಿ ಬರೆಯಿಸಿ, ಪ್ರತಿಯೊಂದು ಗೋಪುರದ ಬುಡದಲ್ಲಿ ಹಲಗೆ ಹಾಕಿಸಬೇಕೆಂದು ನಾವು ಸಂಬಂಧಪಟ್ಟ ಅಧಿಕಾರಿಗಳನ್ನು ಒತ್ತಾಯಪಡಿಸುತ್ತೇವೆ.