ಹೊತ್ತವಳು ಒಬ್ಬಳು, ತಾಯಿ ಇನ್ನೊಬ್ಬಳು

ಮಹಾಭಾರತದ ಆದಿಪರ್ವದಲ್ಲಿ ಒಂದು ಪ್ರಸಂಗವಿದೆ. ವಿಚಿತ್ರವೀರ್ಯನು ಮಕ್ಕಳಿಲ್ಲದೆ ತೀರಿಕೊಂಡಾಗ ಕುರುವಂಶವನ್ನು ಉಳಿಸಲೆಂದು ಸತ್ಯವತಿಯು ವ್ಯಾಸರನ್ನು ಬರಮಾಡಿಕೊಳ್ಳುತ್ತಾಳೆ. ಅವರ ಕಪ್ಪು ಮೈಯನ್ನೂ ಜಡೆಗಟ್ಟಿದ ಕೂದಲನ್ನೂ ಕಂಡು ಅಂಬಿಕೆ ಕಣ್ಣು ಮುಚ್ಚಿದಳು, ಅಂಬಾಲಿಕೆ ಬಿಳಿಚಿಕೊಂಡಳು. ಎರಡನೆಯ ಸಲ ಅಂಬಿಕೆ ತಾನು ಹೋಗದೆ, ತನ್ನ ಒಡವೆಗಳನ್ನು ತೊಡಿಸಿ ದಾಸಿಯೊಬ್ಬಳನ್ನು ಕಳುಹಿಸಿದಳು. ದಾಸಿ ಅಂಜಲಿಲ್ಲ. ಅವಳ ಮಗನಾದ ವಿದುರ ಮೂವರಲ್ಲಿ ಎಲ್ಲರಿಗಿಂತ ವಿವೇಕಿಯಾದನು. ಆದರೆ ಸಿಂಹಾಸನ ಅವನದಾಗಲಿಲ್ಲ. ಮೈಬಣ್ಣ, ಅಂತಸ್ತು, ಹೆಣ್ಣಿನ ಅಸಹಾಯಕತೆ ಈ ಮೂರೂ ಸಂತಾನದ ಪ್ರಶ್ನೆಯೊಡನೆ ಹೆಣೆದುಕೊಂಡಿರುವುದು ಹೊಸದೇನೂ ಅಲ್ಲ.

ಹೊಸದಾದುದು ವಿಜ್ಞಾನ. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್ ಪಟ್ಟಣದಲ್ಲಿ ಮೊದಲನೆಯ ಪ್ರನಾಳ ಶಿಶು ಜನಿಸಿತು. ಅದೇ ವರ್ಷದ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಎರಡನೆಯದು. ಅಂಡವನ್ನು ಒಡಲಿನ ಹೊರಗೆ ಫಲಗೊಳಿಸಬಹುದಾದ ಮೇಲೆ ಅದು ಅದೇ ಒಡಲಿಗೆ ಮರಳಬೇಕೆಂಬ ನಿರ್ಬಂಧವೂ ಇಲ್ಲವಾಯಿತು. ಒಬ್ಬಳ ಅಂಡ, ಇನ್ನೊಬ್ಬಳ ಗರ್ಭ. ಹಾಗಾದರೆ ತಾಯಿ ಯಾರು?

ಈ ಪ್ರಶ್ನೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಗರ್ಭಕೋಶವನ್ನು ತೆಗೆಸಿಕೊಂಡಿದ್ದ ಕ್ರಿಸ್ಪೀನಾ ಕ್ಯಾಲ್ವರ್ಟ್ ಎಂಬಾಕೆ ಫಿಲಿಪೈನ್ಸ್ ಮೂಲದವಳು. ಗಂಡ ಮಾರ್ಕ್ ಬಿಳಿಯ. ಅವರ ಸಂಕಟವನ್ನು ಸಹೋದ್ಯೋಗಿಯೊಬ್ಬರಿಂದ ತಿಳಿದ ಆನಾ ಜಾನ್ಸನ್ ಎಂಬ ಕರಿಯ ದಾದಿ ಅವರ ಭ್ರೂಣವನ್ನು ಹೊರಲು ಮುಂದೆ ಬಂದಳು. 1990ರ ಜನವರಿಯಲ್ಲಿ ಕರಾರು ಆಯಿತು: ಕಂತುಗಳಲ್ಲಿ 10,000 ಡಾಲರು, ಅವಳ ಜೀವದ ಮೇಲೆ 2,00,000 ಡಾಲರಿನ ವಿಮೆ. ಬಸಿರು ಬೆಳೆದಂತೆ ಬಾಂಧವ್ಯ ಕೆಟ್ಟಿತು. ಬಾಕಿ ಹಣ ಬಾರದಿದ್ದರೆ ಮಗುವನ್ನು ಕೊಡಲಾರೆನೆಂದು ಅವಳು ಪತ್ರ ಬರೆದಳು. ಸೆಪ್ಟೆಂಬರಿನಲ್ಲಿ ಗಂಡುಮಗು ಹುಟ್ಟುವ ಹೊತ್ತಿಗೆ ಎರಡೂ ಕಡೆಯವರು ವಕೀಲರನ್ನು ಹಿಡಿದಾಗಿತ್ತು.

ಕೆಳಗಿನ ನ್ಯಾಯಾಲಯವು ಆನಾಳನ್ನು ಸಾಕುತಾಯಿಗೆ ಹೋಲಿಸಿತು. ಪರರ ಮಗುವನ್ನು ಕೆಲಕಾಲ ನೋಡಿಕೊಂಡವಳು, ಅಷ್ಟೆ. 1993ರ ಮೇ ತಿಂಗಳಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಹೆಚ್ಚು ಸೂಕ್ಷ್ಮವಾಗಿ ತರ್ಕಿಸಿತು. ಹೆತ್ತವಳಿಗೂ ಅಂಡ ಕೊಟ್ಟವಳಿಗೂ ಕಾನೂನಿನಲ್ಲಿ ಆಧಾರವಿದೆ; ಆದ್ದರಿಂದ ಮಗು ಬೇಕೆಂದು ಮೊದಲು ಸಂಕಲ್ಪಿಸಿದವಳೇ ತಾಯಿ ಎಂದು ತೀರ್ಪಿತ್ತಿತು. ಬಡತನದಿಂದಾಗಿ ಜನ ಒಲ್ಲದ ಕೆಲಸಗಳಿಗೂ ಹೋಗುವುದುಂಟು, ಇಂಥ ಕರಾರು ಅದಕ್ಕಿಂತ ಹೆಚ್ಚಿನ ಶೋಷಣೆಯೆಂಬುದಕ್ಕೆ ಸಾಕ್ಷ್ಯವಿಲ್ಲ ಎಂದೂ ಹೇಳಿತು. ಒಪ್ಪದವರು ಒಬ್ಬರೇ: ಜಾಯ್ಸ್ ಕೆನ್ನಾರ್ಡ್. ಆ ಪೀಠದಲ್ಲಿದ್ದ ಏಕೈಕ ಮಹಿಳೆಯೂ ಅವರೇ. ಹೊತ್ತು ಹೆತ್ತವಳ ಪಾಲನ್ನು ಹೀಗೆ ಬದಿಗೆ ಸರಿಸುವುದು ಸಲ್ಲದು, ಮಗುವಿನ ಹಿತವನ್ನು ನೋಡಿ ತೀರ್ಮಾನಿಸಬೇಕು ಎಂಬುದು ಅವರ ನಿಲುವು.

ಇದಕ್ಕೆ ಐದು ವರ್ಷ ಮುಂಚೆ, 1988ರಲ್ಲಿ, ನ್ಯೂಜೆರ್ಸಿಯ ನ್ಯಾಯಾಲಯ ಬೇರೊಂದು ದಾರಿ ಹಿಡಿದಿತ್ತು. ಅಲ್ಲಿ ಹೆತ್ತವಳು ಬಿಳಿಯಳು, ಅಂಡವೂ ಅವಳದೇ. ಮಗು ಅನುಕೂಲಸ್ಥನಾದ ತಂದೆಯ ಮನೆಗೇ ಹೋಯಿತು; ಆದರೆ ಕರಾರು ಅಸಿಂಧುವಾಗಿ, ಅವಳು ತಾಯಿಯೆಂಬ ಹಕ್ಕು ಉಳಿಯಿತು. ಎರಡು ಮೊಕದ್ದಮೆಗಳ ಅಂತರವೆಲ್ಲ ಬಣ್ಣದ್ದೇ ಎನ್ನಲಾಗದು, ಅಂಡದ ಪ್ರಶ್ನೆ ನಿಜವಾದದ್ದೇ. ಆದರೂ ಅಮೆರಿಕದ ಇತಿಹಾಸ ಬಲ್ಲವರಿಗೆ ಒಂದು ಸಂಗತಿ ಚುಚ್ಚದಿರದು. 1662ರಲ್ಲಿ ವರ್ಜೀನಿಯಾದ ವಸಾಹತು ಮಾಡಿದ ಶಾಸನದಂತೆ ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನೇ ಅನುಸರಿಸಬೇಕು. ಗುಲಾಮಳ ಮಗು, ತಂದೆ ಬಿಳಿಯ ಯಜಮಾನನೇ ಆಗಿದ್ದರೂ, ಗುಲಾಮನೇ. ಅಂದು ಕರಿಯ ಹೆಂಗಸಿನ ಗರ್ಭವೇ ಎಲ್ಲವನ್ನೂ ನಿರ್ಧರಿಸುತ್ತಿತ್ತು. 1993ರಲ್ಲಿ ಅದೇ ಗರ್ಭಕ್ಕೆ ಬೆಲೆಯಿಲ್ಲವಾಯಿತು. ಎರಡು ಸಲವೂ ಮಗು ದಕ್ಕಿದ್ದು ಇನ್ನೊಬ್ಬರಿಗೆ.

ಈ ತರ್ಕ ಸಮುದ್ರ ದಾಟಿ ಬರಲು ತಡವಾಗಲಿಲ್ಲ. ಹಾಲಿನ ಸಹಕಾರ ಸಂಘಕ್ಕೆ ಹೆಸರಾದ ಗುಜರಾತಿನ ಆಣಂದ್ ಪಟ್ಟಣ ಈ ಶತಮಾನದ ಮೊದಲ ದಶಕದಲ್ಲಿ ಬಾಡಿಗೆ ತಾಯ್ತನಕ್ಕೂ ಜಗತ್ಪ್ರಸಿದ್ಧವಾಯಿತು. ಬ್ರಿಟನ್, ಅಮೆರಿಕ, ಜಪಾನುಗಳಿಂದ ದಂಪತಿಗಳು ಬಂದರು. ಸುತ್ತಲಿನ ಬಡ ಗೃಹಿಣಿಯರು ಮನೆ ಮಕ್ಕಳನ್ನು ಬಿಟ್ಟು, ಬಸಿರಿನ ತಿಂಗಳುಗಳನ್ನು ವಸತಿಗೃಹದ ಸಾಲುಮಂಚಗಳಲ್ಲಿ ಕಳೆದರು. ಹೊರುವವಳು ಕಪ್ಪಗಿದ್ದರೂ ಚಿಂತೆಯಿಲ್ಲ, ಬಣ್ಣ ಬರುವುದು ಅಂಡದಿಂದಲ್ಲವೆ! ಅಂಡದಾನಿಯನ್ನು ಹುಡುಕುವಾಗ ಮಾತ್ರ ಭಾನುವಾರದ ವಧೂವರರ ಜಾಹೀರಾತಿನ ಭಾಷೆಯೇ ಮರಳಿತು: ಬೆಳ್ಳಗಿರಬೇಕು, ಓದಿರಬೇಕು.

ಆ ಹೆಂಗಸರ ನಡುವೆ ಇದ್ದು ಅಧ್ಯಯನ ನಡೆಸಿದ ಸಮಾಜಶಾಸ್ತ್ರಜ್ಞೆ ಅಮೃತಾ ಪಾಂಡೆಯವರ ಪುಸ್ತಕ 2014ರಲ್ಲಿ ಹೊರಬಂತು. ಮಗು ನಿನ್ನದಲ್ಲ, ನೀನು ಕೇವಲ ಹೊರುವವಳು ಎಂದು ಅವರಿಗೆ ಮತ್ತೆ ಮತ್ತೆ ತಿಳಿಹೇಳಲಾಗುತ್ತಿತ್ತು. ಅಂಡ ಯಾರದಾದರೂ ಆಗಲಿ, ಬೆಳೆದದ್ದು ನಮ್ಮ ರಕ್ತದಿಂದ, ನಮ್ಮ ಬೆವರಿನಿಂದ ಎಂಬುದು ಆ ಹೆಂಗಸರಲ್ಲಿ ಹಲವರ ಎಣಿಕೆ. ಹಳ್ಳಿಯ ಹೆಣ್ಣುಮಗಳ ಈ ವಾದವನ್ನು ಕೆನ್ನಾರ್ಡರು ಓದಿದ್ದರೆ ತಲೆದೂಗುತ್ತಿದ್ದರೇನೋ.

2015ರಲ್ಲಿ ವಿದೇಶೀಯರಿಗೆ ಬಾಗಿಲು ಮುಚ್ಚಿತು. 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯಿದೆಯು ಹಣದ ವ್ಯವಹಾರವನ್ನೇ ನಿಷೇಧಿಸಿತು. 2022ರ ಜನವರಿಯಿಂದ ಜಾರಿಯಲ್ಲಿರುವ ಈ ಕಾಯಿದೆಯಂತೆ ಹೊರುವವಳಿಗೆ ವೈದ್ಯಕೀಯ ವೆಚ್ಚವೂ 36 ತಿಂಗಳ ವಿಮೆಯೂ ಸಲ್ಲುತ್ತವೆ, ಶ್ರಮಕ್ಕೆ ಸಂಭಾವನೆಯಿಲ್ಲ. ವೈದ್ಯರಿಗೆ ಶುಲ್ಕವುಂಟು, ಆಸ್ಪತ್ರೆಗೆ ಕೊಠಡಿಯ ಬಾಡಿಗೆಯುಂಟು. ಒಂಬತ್ತು ತಿಂಗಳು ಹೊತ್ತವಳದು ಪರೋಪಕಾರ. ಬಡವಳ ಒಡಲು ಸರಕಾಗಬಾರದೆಂಬ ಸದುದ್ದೇಶ ಇಲ್ಲಿಲ್ಲವೆನ್ನಲಾಗದು. ಆದರೆ ಆ ಹಣದಿಂದ ಸೂರು ಹೊದಿಸಿಕೊಳ್ಳುವ ಆಸೆಯಿದ್ದವಳಿಗೆ ಬದಲಿಯಾಗಿ ಏನನ್ನೂ ಅದು ತೋರಿಸಿಲ್ಲ.

ಮಗುವನ್ನು ಬಯಸುವವರಿಗೂ ಕಾಯಿದೆ ಗೆರೆ ಎಳೆದಿದೆ. ವೈದ್ಯಕೀಯ ಕಾರಣವಿರುವ ದಂಪತಿಗಳಲ್ಲದೆ, 35ರಿಂದ 45ರ ವಯಸ್ಸಿನ ವಿಧವೆ ಅಥವಾ ವಿಚ್ಛೇದಿತೆ ಬಾಡಿಗೆ ತಾಯಿಯ ನೆರವು ಪಡೆಯಬಹುದು. ಎಂದೂ ಮದುವೆಯಾಗದವಳು ಪಡೆಯುವಂತಿಲ್ಲ. ಇತರರಿಗಾಗಿ ಹೊರಲು ಸಹ ಅಂಥವಳು ಅರ್ಹಳಲ್ಲ. ಅದಕ್ಕೂ ಮದುವೆಯಾಗಿ, ಸ್ವಂತ ಮಗುವೊಂದನ್ನು ಪಡೆದವಳೇ ಆಗಿರಬೇಕು.