ಬಾಗಿಲಿಗೆ ಬಂದ ಬ್ಯಾಂಕು

“ಮೇಷ್ಟ್ರೇ, ದುಡ್ಡು ಬಂದಿದೆ ಅಂತಾರೆ. ಎಲ್ಲಿಗೆ ಬಂದಿದೆ ಅಂತ ಹೇಳೋರು ಮಾತ್ರ ಯಾರೂ ಇಲ್ಲ.”

ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಾಯಿ ಈಚೆಗೆ ನನ್ನೆದುರು ನಿಂತು ಆಡಿದ ಮಾತು ಇದು. ಮಗಳಿಗೆ ವಿದ್ಯಾರ್ಥಿವೇತನ ಮಂಜೂರಾಗಿತ್ತು. ಕಂಪ್ಯೂಟರಿನ ಪರದೆಯ ಮೇಲೆ ‘ಜಮೆಯಾಗಿದೆ’ ಎಂಬ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಆದರೆ ಹುಡುಗಿಯ ಪಾಸ್‌ಬುಕ್ಕಿನಲ್ಲಿ ಒಂದು ಕಾಸೂ ಏರಿರಲಿಲ್ಲ. ನಮ್ಮದು ಘಟ್ಟದ ಮೇಲಿನ ಹಳ್ಳಿ. ಬ್ಯಾಂಕಿರುವ ಪೇಟೆಗೆ ಹದಿನೆಂಟು ಕಿಲೋಮೀಟರು. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಪೇಟೆಗೆ ಹೋದ ದಿನ ತೋಟದ ಕೂಲಿ ಇಲ್ಲ. ಆಕೆ ಹೀಗೆ ನಾಲ್ಕು ಸಲ ಹೋಗಿ ಬಂದಿದ್ದರು. ಆ ನಾಲ್ಕು ದಿನಗಳ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಕೂಡಿಸಿ ನೋಡಿದರೆ, ಬರಬೇಕಾಗಿದ್ದ ವೇತನದ ಬಹುಭಾಗ ಬರುವ ಮೊದಲೇ ತೀರಿಹೋಗಿತ್ತು.

ದೇಶದ ಅಭಿವೃದ್ಧಿಯನ್ನು ಕುರಿತು ಮಾತನಾಡುವವರು ಈಗ ಎರಡು ಸಂಗತಿಗಳನ್ನು ಜೋಡಿಯಾಗಿ ಹೇಳುವುದುಂಟು: ಎಲ್ಲರ ಕೈಗೂ ದೂರವಾಣಿಯ ಜಾಲ, ಎಲ್ಲರ ಹೆಸರಿಗೂ ಬ್ಯಾಂಕಿನ ಖಾತೆ. ಇವೆರಡೂ ಒದಗಿದರೆ ಯಾರನ್ನೂ ಹೊರಗಿಡದ ಆರ್ಥಿಕ ವೃದ್ಧಿ ತಾನಾಗಿಯೇ ಉಂಟಾಗುವುದೆಂದು ಅವರ ಎಣಿಕೆ. ವೃದ್ಧಿ ಎಂಬ ಸಂಸ್ಕೃತ ಶಬ್ದದ ತದ್ಭವವೇ ನಮ್ಮ ‘ಬಡ್ಡಿ’. ಸಾಹುಕಾರನ ಕಡತದಲ್ಲಿ ಬಡ್ಡಿ ಬೆಳೆದಷ್ಟೂ ಸಾಲಗಾರನ ಮನೆಯ ವೃದ್ಧಿ ಕುಗ್ಗಿತು. ಒಂದೇ ಬೇರಿನ ಎರಡು ಮಾತುಗಳಲ್ಲಿ ಒಂದು ಮತ್ತೊಂದನ್ನು ತಿಂದುಕೊಂಡು ಬಂದದ್ದೇ ನಮ್ಮ ಹಳ್ಳಿಗಳ ಲೇವಾದೇವಿಯ ಚರಿತ್ರೆ. ವ್ಯಾಕರಣದ ಮೇಷ್ಟರ ಈ ಚಪಲವನ್ನು ಓದುಗರು ಮನ್ನಿಸಬೇಕು. ಜಾಲವೂ ಖಾತೆಯೂ ಆ ಚರಿತ್ರೆಯನ್ನು ಬದಲಾಯಿಸಬಲ್ಲವೇ ಎಂಬುದು ಪ್ರಕೃತ ವಿಷಯ. ಬದಲಾಯಿಸಬಲ್ಲವು, ಆದರೆ ಅವೆರಡೇ ಸಾಲವು ಎಂದು ನನ್ನ ಅಭಿಪ್ರಾಯ.

ಬಡವರ ಬಾಗಿಲಿಗೆ ಹಣಕಾಸಿನ ಅನುಕೂಲವನ್ನು ಒಯ್ಯುವ ಆಲೋಚನೆ ಕನ್ನಡ ನಾಡಿಗೆ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905 ರಲ್ಲಿಯೇ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಘಟ್ಟದ ಕೆಳಗೆ ಉಡುಪಿಯಲ್ಲಿ, ಕೈಮಗ್ಗದ ನೇಕಾರರು ಸಂಕಷ್ಟಕ್ಕೆ ಸಿಕ್ಕಿದ್ದ ಕಾಲದಲ್ಲಿ, ವೈದ್ಯರಾದ ಟಿ.ಎಂ.ಎ. ಪೈಗಳು, ಉಪೇಂದ್ರ ಅನಂತ ಪೈಗಳು ಮತ್ತು ವಾಮನ ಕುಡ್ವರು 1925 ರಲ್ಲಿ 8,000 ರೂಪಾಯಿಗಳ ಬಂಡವಾಳದಿಂದ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 1969 ರಲ್ಲಿ ರಾಷ್ಟ್ರೀಕರಣಗೊಂಡು, 2020 ರಲ್ಲಿ ಕೆನರಾ ಬ್ಯಾಂಕಿನೊಡನೆ ಲೀನವಾಯಿತು. ಆ ಬ್ಯಾಂಕು 1928 ರಲ್ಲಿ ಆರಂಭಿಸಿದ ‘ಪಿಗ್ಮಿ’ ಠೇವಣಿಯನ್ನು ಬಲ್ಲದವರು ಕರಾವಳಿಯಲ್ಲಿ ಇಲ್ಲ. ದಿನಕ್ಕೆ ಎರಡಾಣೆಯಾದರೂ ಸರಿ, ಬ್ಯಾಂಕಿನ ಏಜೆಂಟರು ಮನೆಗೇ ಅಂಗಡಿಗೇ ಬಂದು ಇಸಿದುಕೊಂಡು, ರಸೀದಿ ಬರೆದುಕೊಟ್ಟು ಹೋಗುತ್ತಿದ್ದರು.

ಎರಡಾಣೆಯಿಂದ ಬ್ಯಾಂಕಿಗೆ ಏನು ಲಾಭವೆಂದು ಅಂದು ನಕ್ಕವರೂ ಇದ್ದಿರಬೇಕು. ಆದರೆ ಈ ಪದ್ಧತಿಯಲ್ಲಿ ಎರಡು ಗುಟ್ಟುಗಳಿದ್ದವು. ದಿನವೂ ತಪ್ಪದೆ ಹಣ ಕಟ್ಟುವ ಮೀನು ಮಾರುವವಳಿಗೆ ಸಾಲ ಕೊಡಬಹುದೆಂದು ಬ್ಯಾಂಕಿಗೆ ತಿಳಿಯಲು ಆಸ್ತಿಪತ್ರ ಬೇಕಾಗಲಿಲ್ಲ. ಅವಳ ಪಿಗ್ಮಿ ಪುಸ್ತಕವೇ ಸಾಕ್ಷಿಯಾಯಿತು. ಇದು ಮೊದಲನೆಯದು. ಎರಡನೆಯದು, ಬಂದ ಏಜೆಂಟನು ಊರಿನವನೇ. ಲೆಕ್ಕ ತಪ್ಪಿದರೆ ನಾಳೆ ಅವನನ್ನೇ ನಿಲ್ಲಿಸಿ ಕೇಳಬಹುದಾಗಿತ್ತು.

ಈಗ ನಮ್ಮ ಕಾಲಕ್ಕೆ ಬರೋಣ. 2010 ರಿಂದ ಆಧಾರ್ ಸಂಖ್ಯೆ ಬಂದಿತು. 2014 ರ ಆಗಸ್ಟ್ 28 ರಂದು ಆರಂಭವಾದ ಜನಧನ ಯೋಜನೆಯಲ್ಲಿ 2023 ರ ವೇಳೆಗೆ 50 ಕೋಟಿ ಖಾತೆಗಳು ತೆರೆದಿದ್ದವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೆಂಗಸರವು. 2016 ರಲ್ಲಿ ಯುಪಿಐ ಬಂದಿತು. ಈ ಕೊನೆಯದರ ಮರ್ಮ ಸರಳವಾದುದು. ಹಿಂದೆ ಒಂದು ಬ್ಯಾಂಕಿನಿಂದ ಮತ್ತೊಂದಕ್ಕೆ ಹಣ ಕಳಿಸಬೇಕಾದರೆ ಖಾತೆಯ ಸಂಖ್ಯೆ, ಶಾಖೆಯ ಸಂಕೇತ ಎಲ್ಲವನ್ನೂ ಬರೆಯಬೇಕಾಗಿತ್ತು. ಯುಪಿಐಯಲ್ಲಿ ಎಲ್ಲ ಬ್ಯಾಂಕುಗಳಿಗೂ ನಡುವೆ ಒಂದೇ ಚಾವಡಿ. ಕೊಡುವವನ ಬ್ಯಾಂಕು ಅಲ್ಲಿಗೆ ಸುದ್ದಿ ಮುಟ್ಟಿಸಿದರೆ, ಚಾವಡಿಯು ಪಡೆಯುವವನ ಬ್ಯಾಂಕನ್ನು ಹುಡುಕಿ ಹಣವನ್ನು ಕ್ಷಣಮಾತ್ರದಲ್ಲಿ ಸೇರಿಸುತ್ತದೆ. ಸೊಪ್ಪು ಮಾರುವವಳಿಗೂ ಲಕ್ಷಾಧೀಶನಿಗೂ ಹಾದಿ ಒಂದೇ. 2025 ರ ಆಗಸ್ಟ್ ತಿಂಗಳೊಂದರಲ್ಲೇ ಈ ಹಾದಿಯಲ್ಲಿ 2,000 ಕೋಟಿಗೂ ಮೀರಿದ ಪಾವತಿಗಳು ನಡೆದವು. ಬರಿಯ ಗುಂಡಿಗಳಿರುವ ಸಾದಾ ಫೋನಿನಿಂದಲೂ ಹಣ ಕಳಿಸುವ ಏರ್ಪಾಟು 2022 ರಲ್ಲಿ ಆಯಿತು.

ಇದರಿಂದ ಬಡವರಿಗೆ ನಿಜವಾಗಿ ಒಳಿತಾಗುವುದೇ ಎಂಬ ಪ್ರಶ್ನೆಗೆ ಆಫ್ರಿಕದ ಕೀನ್ಯಾ ದೇಶದಿಂದ ಒಂದು ಉತ್ತರವಿದೆ. ಅಲ್ಲಿ 2007 ರಲ್ಲಿಯೇ ‘ಎಂ-ಪೆಸಾ’ ಎಂಬ ಹೆಸರಿನಿಂದ ಫೋನಿನ ಮೂಲಕ ಹಣ ಕಳಿಸುವ ವ್ಯವಸ್ಥೆ ಬಂದಿತು. ಅದರ ಪರಿಣಾಮವನ್ನು ಅಳೆದ ತವನೀತ್ ಸೂರಿ ಮತ್ತು ವಿಲಿಯಂ ಜಾಕ್ ಎಂಬ ಅರ್ಥಶಾಸ್ತ್ರಜ್ಞರು, ಸುಮಾರು 1,94,000 ಕುಟುಂಬಗಳು ಬಡತನದ ಗೆರೆಯನ್ನು ದಾಟಿದವೆಂದು 2016 ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಂಗಸರೇ ಯಜಮಾನಿಯರಾಗಿದ್ದ ಮನೆಗಳಲ್ಲಿ ಫಲ ಇನ್ನೂ ಹೆಚ್ಚು. ಇಲ್ಲಿ ಗಮನಿಸಬೇಕಾದುದು ಅವರು ಅಳೆದ ರೀತಿ. ಯಾರ ಕೈಯಲ್ಲಿ ಫೋನಿದೆ ಎಂಬುದನ್ನು ಅವರು ಆಧಾರವಾಗಿಟ್ಟುಕೊಳ್ಳಲಿಲ್ಲ. ಹಣವನ್ನು ಪಡೆದು ಕೊಡುವ ಏಜೆಂಟರು ಮನೆಗೆ ಎಷ್ಟು ಹತ್ತಿರದಲ್ಲಿ ಹೆಚ್ಚಿದರು ಎಂಬುದನ್ನು ಆಧಾರವಾಗಿಟ್ಟುಕೊಂಡರು. ಉಡುಪಿಯ ಎರಡಾಣೆಯವರಿಗೆ ತಿಳಿದಿದ್ದ ಗುಟ್ಟು ಇದೇ.

ನಮ್ಮ ಹುಡುಗಿಯ ಹಣ ಎಲ್ಲಿಗೆ ಹೋಯಿತೆಂಬುದನ್ನು ಈಗ ಹೇಳುತ್ತೇನೆ. ಈ ತೊಡಕು ಅನೇಕರ ಮನೆಗಳಲ್ಲಿ ಇರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಸರ್ಕಾರದ ನೆರವುಗಳಲ್ಲಿ ಹಲವು ಈಗ ಖಾತೆಯ ಸಂಖ್ಯೆಯನ್ನು ನೋಡಿ ಬರುವುದಿಲ್ಲ. ಆಧಾರ್ ಸಂಖ್ಯೆಯನ್ನು ನೋಡಿ ಬರುತ್ತವೆ. ಈ ಆಧಾರ್ ಸಂಖ್ಯೆಯವರ ಹಣವನ್ನು ಇಂಥ ಬ್ಯಾಂಕಿಗೆ ಕಳಿಸಬೇಕೆಂಬ ಒಂದು ಪಟ್ಟಿಯನ್ನು ರಾಷ್ಟ್ರೀಯ ಪಾವತಿ ನಿಗಮ ಇಟ್ಟುಕೊಂಡಿದೆ. ಅಂಚೆ ಕಚೇರಿಯಲ್ಲಿ ಮನೆ ಬದಲಿಸಿದವರು ಹೊಸ ವಿಳಾಸವನ್ನು ಬರೆಸಿದಂತೆ ಇದು. ಒಬ್ಬರಿಗೆ ನಾಲ್ಕು ಖಾತೆಗಳಿರಬಹುದು. ಪಟ್ಟಿಯಲ್ಲಿ ಮಾತ್ರ ಒಂದೇ ಬ್ಯಾಂಕು, ಅದೂ ಕಡೆಯದಾಗಿ ಜೋಡಿಸಿದ ಬ್ಯಾಂಕು. ನೀವು ಅರ್ಜಿಯಲ್ಲಿ ಯಾವ ಪಾಸ್‌ಬುಕ್ಕಿನ ಪ್ರತಿಯನ್ನು ಲಗತ್ತಿಸಿದ್ದರೂ ಹಣ ಹೋಗುವುದು ಪಟ್ಟಿಯಲ್ಲಿರುವ ಕಡೆಗೆ. ಪೇಟೆಯ ಬ್ಯಾಂಕಿನವರು “ನಮ್ಮಲ್ಲಿ ಬಂದಿಲ್ಲ” ಎಂದದ್ದು ಸುಳ್ಳಲ್ಲ. ಕಚೇರಿಯವರು “ನಾವು ಕಳಿಸಿದ್ದೇವೆ” ಎಂದದ್ದೂ ಸುಳ್ಳಲ್ಲ. ಎರಡು ಸತ್ಯಗಳ ನಡುವೆ ಆ ತಾಯಿ ನಾಲ್ಕು ದಿನದ ಕೂಲಿಯನ್ನು ಕಳೆದುಕೊಂಡರು.

ಇದು ಅರಿವಿಲ್ಲದೆ ನಡೆಯುವುದರಿಂದ ಅಪಾಯ ಹೆಚ್ಚು. 2017 ರಲ್ಲಿ ದೂರವಾಣಿ ಕಂಪನಿಯೊಂದಕ್ಕೆ ಸೇರಿದ ಬ್ಯಾಂಕು ಗ್ರಾಹಕರಿಗೆ ತಿಳಿಯದಂತೆ ಖಾತೆಗಳನ್ನು ತೆರೆದು, ಅವರ ಅಡುಗೆ ಅನಿಲದ ಸಹಾಯಧನ ಅಲ್ಲಿಗೆ ಹರಿದುಬಂದ ಸಂಗತಿ ಹೊರಬಿದ್ದಿತು. ಆಧಾರ್ ಪ್ರಾಧಿಕಾರ ಕ್ರಮ ಕೈಗೊಳ್ಳಬೇಕಾಯಿತು. ನಮ್ಮ ಹುಡುಗಿಯ ವಿಷಯದಲ್ಲಿ ಅಂಥ ಮೋಸವೇನೂ ಇರಲಿಲ್ಲ. ಮೂರು ವರ್ಷದ ಹಿಂದೆ ಯಾವುದೋ ಶಿಬಿರದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಅವಳ ಹೆಸರಿನಲ್ಲೊಂದು ಖಾತೆ ತೆರೆದಿದ್ದರು. ಮನೆಯವರು ಮರೆತಿದ್ದರು. ಪಟ್ಟಿ ಮರೆತಿರಲಿಲ್ಲ.

ಕಂಡುಹಿಡಿದವರು ನಾನಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ನಮ್ಮೂರಿನ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ‘ಬ್ಯಾಂಕ್ ಸಖಿ’ಯಾಗಿ ಕೆಲಸ ಮಾಡುತ್ತಿದ್ದಾರೆ. ರಿಸರ್ವ್ ಬ್ಯಾಂಕು 2006 ರಲ್ಲಿ, ಶಾಖೆಗಳಿಲ್ಲದ ಕಡೆ ಬ್ಯಾಂಕಿನ ಪರವಾಗಿ ವ್ಯವಹರಿಸಲು ಪ್ರತಿನಿಧಿಗಳನ್ನು ನೇಮಿಸಿಕೊಳ್ಳಬಹುದೆಂದು ಅನುಮತಿ ಕೊಟ್ಟಿತು. ಈ ಸಖಿಯರು ಆ ವರ್ಗಕ್ಕೆ ಸೇರಿದವರು. ಅಂಗೈಯಗಲದ ಯಂತ್ರವೊಂದು, ಒಂದು ಫೋನು, ಜಗಲಿಯ ಮೇಲೊಂದು ಮೇಜು. ಇಷ್ಟೇ ಅವರ ಬ್ಯಾಂಕು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನಮ್ಮ ಸಂಖ್ಯೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ನೋಡಲು ಅವಕಾಶವಿದೆ. ಸಖಿಯವರು ಅದನ್ನು ತೆರೆದು ನೋಡಿ, “ಅಕ್ಕಾ, ನಿಮ್ಮ ಮಗಳ ದುಡ್ಡು ಕಳೆದಿಲ್ಲ, ಬೇರೆ ಮನೇಲಿ ಕೂತಿದೆ” ಎಂದರು. ಐದು ನಿಮಿಷದ ಕೆಲಸ. ಎರಡು ವರ್ಷಗಳ ವೇತನವೂ ಅಲ್ಲಿ ಹಾಗೆಯೇ ಇದ್ದಿತು.

ಯಂತ್ರವನ್ನು ಹೊಗಳಿದ ಬಾಯಲ್ಲೇ ಅದರ ದೋಷವನ್ನೂ ಹೇಳಬೇಕು. ಅದು ಬೆರಳಿನ ರೇಖೆಗಳನ್ನು ಓದಿ ಹಣ ಕೊಡುತ್ತದೆ. ವರ್ಷಾನುಗಟ್ಟಲೆ ಅಡಕೆ ಸುಲಿದ, ಪಾತ್ರೆ ತಿಕ್ಕಿದ, ಗಾರೆ ಕಲಸಿದ ಬೆರಳುಗಳಲ್ಲಿ ರೇಖೆಗಳು ಸವೆದಿರುತ್ತವೆ. ದುಡಿದು ಸವೆದ ಬೆರಳನ್ನೇ ಯಂತ್ರ ಗುರುತಿಸದಿರುವುದು ಎಂಥ ವಿಪರ್ಯಾಸ! ಮುಖವನ್ನು ನೋಡಿ ಗುರುತಿಸುವ ವಿಧಾನ ಈಗ ಬಂದಿದೆ. ಇನ್ನು ಜಾಲದ ಮಾತು. ಗ್ರಾಮ ಪಂಚಾಯಿತಿಗಳಿಗೆಲ್ಲ ಗಾಜಿನೆಳೆಯ ತಂತಿ ಎಳೆಯುವ ಯೋಜನೆಗೆ 2011 ರಲ್ಲಿಯೇ ಮಂಜೂರಾತಿ ದೊರೆಯಿತು; ಭಾರತ್‌ನೆಟ್ ಎಂದು ಅದರ ಹೆಸರು. ಪಂಚಾಯಿತಿಯ ಕಟ್ಟಡಕ್ಕೆ ತಂತಿ ಬಂದ ಮಾತ್ರಕ್ಕೆ ಗುಡ್ಡದಾಚೆಯ ಹತ್ತು ಮನೆಗಳಿಗೆ ಬಂದಂತಾಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಸಖಿಯವರು ಯಂತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಿಲ ದಿಣ್ಣೆ ಹತ್ತುವುದನ್ನು ನಾನೇ ನೋಡಿದ್ದೇನೆ.

ಮೋಸದ ಭಯವೂ ಇದೆ. ಹಣ ಪಡೆಯುವುದಕ್ಕೆ ಗುಪ್ತಸಂಖ್ಯೆ ಬೇಕಿಲ್ಲ, ಕೊಡುವುದಕ್ಕೆ ಮಾತ್ರ ಬೇಕು. ಇದೊಂದನ್ನು ನೆನಪಿನಲ್ಲಿಟ್ಟರೆ ಅನೇಕ ವಂಚನೆಗಳು ತಪ್ಪುತ್ತವೆ. ತಪ್ಪದಿದ್ದರೆ ತಡಮಾಡದೆ 1930 ಕ್ಕೆ ಕರೆಮಾಡಬೇಕು.

ಇನ್ನೊಂದು ಬಗೆಯ ಭಯವನ್ನು ನಾವು 2025 ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಂಡೆವು. ಯುಪಿಐ ಮೂಲಕ ಬಂದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳವರಿಗೆ ನೋಟೀಸು ಕಳಿಸಿದಾಗ, ಹಲವರು ಯುಪಿಐ ಚಿತ್ರವನ್ನು ಕಿತ್ತು ‘ನಗದು ಮಾತ್ರ’ ಎಂದು ಬರೆದು ತೂಗುಹಾಕಿದರು. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯವೆಂಬ ನಿಯಮ ಹಳೆಯದೇ. ಇಲಾಖೆ ತಪ್ಪು ಮಾಡಿತೆಂದು ನಾನು ಹೇಳಲಾರೆ. ಆದರೆ ಆ ದಾಖಲೆಗೆ ಮತ್ತೊಂದು ಮುಖವುಂಟು. 2020 ರಲ್ಲಿ ಬೀದಿಬದಿಯ ವ್ಯಾಪಾರಿಗಳಿಗಾಗಿ ಬಂದ ಸ್ವನಿಧಿ ಯೋಜನೆಯಲ್ಲಿ ಆಸ್ತಿಯ ಭದ್ರತೆಯಿಲ್ಲದೆ ಮೊದಲಿಗೆ 10,000 ರೂಪಾಯಿ ಸಾಲ ಕೊಟ್ಟು, ತೀರಿಸಿದವರಿಗೆ ಹೆಚ್ಚಿನ ಸಾಲ ಕೊಟ್ಟರು; 2025 ರಲ್ಲಿ ಆ ಮೊದಲ ಕಂತನ್ನು 15,000 ಕ್ಕೆ ಏರಿಸಲಾಯಿತು. ದಿನದಿನದ ವ್ಯಾಪಾರದ ಗುರುತೇ ಪಿಗ್ಮಿ ಪುಸ್ತಕದಂತೆ ಸಾಲಕ್ಕೆ ಸಾಕ್ಷಿಯಾಗಬಲ್ಲುದು. ತೆರಿಗೆಯವರ ಕಾಗದ ಅಂಗಡಿಗೆ ಬಂದಷ್ಟು ಬೇಗ ಸಾಲ ಕೊಡುವವರು ಬಂದಿದ್ದರೆ ಆ ಚಿತ್ರಗಳನ್ನು ಅಷ್ಟು ಜನ ಕೀಳುತ್ತಿರಲಿಲ್ಲ.

ಸಖಿಯವರ ಸಂಪಾದನೆಯ ಮಾತನ್ನು ಬಿಟ್ಟರೆ ಈ ಬರಹ ಅರ್ಧವಾದೀತು. ಒಂದೊಂದು ವ್ಯವಹಾರಕ್ಕೆ ಅವರಿಗೆ ದೊರೆಯುವ ಕಮಿಷನ್ ಕೆಲವೇ ರೂಪಾಯಿ. ಜನರಿಗೆ ಕೊಡಬೇಕಾದ ನಗದನ್ನು ಅವರೇ ಪೇಟೆಯಿಂದ ತರಬೇಕು, ಆ ಬಸ್ಸಿನಲ್ಲೇ, ಚೀಲದಲ್ಲಿಟ್ಟುಕೊಂಡು. ಹುಡುಗಿಯ ಹಣವನ್ನು ಹುಡುಕಿಕೊಟ್ಟ ಆ ಐದು ನಿಮಿಷಕ್ಕೆ ಅವರಿಗೆ ಕಮಿಷನ್ನೇ ಇಲ್ಲ. ಯಾಕೆಂದರೆ ಅದು ‘ವ್ಯವಹಾರ’ವಲ್ಲ. ಹಿಂದೆ ಪಿಗ್ಮಿ ಏಜೆಂಟರೂ ಕಮಿಷನ್ನನ್ನೇ ನಂಬಿದ್ದವರು. ಅವರು ಬಹುಕಾಲ ಹೋರಾಡಿದ ಮೇಲೆ, 2001 ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಕಾನೂನಿನ ಅರ್ಥದಲ್ಲಿ ಕಾರ್ಮಿಕರೆಂದು ಎಣಿಸಿತು. ಸಖಿಯರಿಗೂ ನಿಶ್ಚಿತವಾದ ಒಂದು ಸಂಬಳ ಬೇಕೆಂದು ನನ್ನ ಖಚಿತವಾದ ಅಭಿಪ್ರಾಯ. ಹೊಸದೊಂದು ಆ್ಯಪನ್ನು ಮಾಡಿಸಿ ಜಾಹೀರಾತು ಹಾಕಿಸುವ ಹಣದಲ್ಲಿ ಎಷ್ಟು ಜಗಲಿಗಳ ಮೇಜುಗಳು ಉಳಿದಾವೆಂದು ಲೆಕ್ಕ ಬಲ್ಲವರು ಹೇಳಲಿ.

ಹುಡುಗಿಯ ವಿಷಯ ಹೀಗೆ ಮುಗಿಯಿತು. ಪೇಟೆಯ ಬ್ಯಾಂಕಿಗೆ ಐದನೆಯ ಸಲ ಹೋಗಬೇಕಾಯಿತು, ಜೋಡಣೆಯನ್ನು ಬದಲಿಸುವ ಅರ್ಜಿಗೆ ಸಹಿ ಹಾಕಲು. ಆದರೆ ಈ ಸಲ ಏನು ಕೇಳಬೇಕೆಂದು ತಾಯಿಗೆ ತಿಳಿದಿತ್ತು. 2023 ರ ಆಗಸ್ಟಿನಲ್ಲಿ ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬಂದಾಗಲೆಲ್ಲ ಅವರು ಸಖಿಯ ಜಗಲಿಗೆ ಬಂದು, ಇನ್ನೂರು ರೂಪಾಯಿಯನ್ನು ಮಗಳ ಖಾತೆಗೆ ಕಟ್ಟುತ್ತಾರೆ. ಯಂತ್ರದಿಂದ ಬಂದ ಚೀಟಿಯನ್ನು ಮಗಳ ಕೈಯಲ್ಲಿ ಓದಿಸಿ, ಬ್ಯಾಂಕಿನ ಹೆಸರು ಮೊದಲು, ಮೊತ್ತ ಆಮೇಲೆ, ಎರಡೂ ಸರಿಯೆಂದು ಕೇಳಿಕೊಂಡ ಮೇಲೆಯೇ ಮನೆಗೆ ಹೊರಡುತ್ತಾರೆ.