ತಕ್ಕಡಿಯಲ್ಲಿ ಹೃದಯ: ಪ್ರಾಚೀನ ಈಜಿಪ್ಟಿನ ದೇವರುಗಳು ಮತ್ತು ನಮ್ಮ ಸೀಮೆಯ ಕಲ್ಲುಗೋರಿಗಳು

ಹಿಂದೂಪುರದ ಬಳಿ ಹರಿಯುವ ಪೆನ್ನೇರಿನಲ್ಲಿ ನೀರಿಗಿಂತ ಮರಳನ್ನೇ ಹೆಚ್ಚು ಕಂಡವರು ನಾವು. ಕಲ್ಯಾಣದುರ್ಗದ ಕಡೆಯ ರೈತನಂತೂ ಕಡಲೆಕಾಯಿ ಬಿತ್ತಿ ಮುಗಿಲಿನತ್ತ ಮುಖ ಮಾಡಿ ಕೂರುವುದು ತಲೆಮಾರುಗಳಿಂದ ಬಂದ ಪಾಡು. ಇಂಥ ಸೀಮೆಯವರಿಗೆ ಪ್ರಾಚೀನ ಈಜಿಪ್ಟಿನವರ ಮನಸ್ಸು ಬೇಗ ಅರ್ಥವಾಗುತ್ತದೆ. ಅವರ ನಾಡಿನಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಆದರೂ ಪ್ರತಿ ವರ್ಷ ಬೇಸಿಗೆಯಲ್ಲಿ, ಆಕಾಶದಲ್ಲಿ ಒಂದು ಮೋಡವೂ ಇಲ್ಲದಿರುವಾಗ, ನೈಲ್ ನದಿ ಉಕ್ಕಿ ಬಂದು ಹೊಲಗಳ ಮೇಲೆ ಕಪ್ಪು ಮೆಕ್ಕಲು ಮಣ್ಣನ್ನು ಹಾಸಿ ಹಿಂದಕ್ಕೆ ಸರಿಯುತ್ತಿತ್ತು. ದೂರದ ಇಥಿಯೋಪಿಯದ ಬೆಟ್ಟಗಳಲ್ಲಿ ಸುರಿದ ಮಳೆಯೇ ಹೀಗೆ ಹರಿದು ಬರುತ್ತದೆಂಬುದು ಅವರಿಗೆ ಗೊತ್ತಿರಲಿಲ್ಲ. ಯಾರೋ ಕೊಡುತ್ತಿದ್ದಾರೆ ಎಂಬುದಷ್ಟೇ ಗೊತ್ತಿತ್ತು. ಆ ಕೊಡುವವನನ್ನು 'ಹಾಪಿ' ಎಂದು ಕರೆದು, ತುಂಬಿದ ಹೊಟ್ಟೆಯೂ ತಾಯಿಯಂತೆ ಎದೆಯೂ ಇರುವ ಗಂಡುದೇವರಾಗಿ ಚಿತ್ರಿಸಿದರು.

ನವೆಂಬರ್ ತಿಂಗಳು ನಮ್ಮ ಧರ್ಮಸಭೆಯಲ್ಲಿ ಮೃತರ ಸ್ಮರಣೆಯ ತಿಂಗಳು. ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚುವ ಈ ದಿನಗಳಲ್ಲಿ, ಸಾವಿನ ಬಗ್ಗೆ ಲೋಕದಲ್ಲೇ ಅತಿ ಹೆಚ್ಚು ಚಿಂತಿಸಿದ ಆ ಜನರ ದೇವರುಗಳನ್ನೂ ನಂಬಿಕೆಗಳನ್ನೂ ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಬೈಬಲಿನ ಅರ್ಧ ಕಥೆ ನಡೆಯುವುದು ಆ ನಾಡಿನ ನೆರಳಿನಲ್ಲೇ ಅಲ್ಲವೇ? ಜೋಸೆಫನು ಮಾರಾಟವಾದದ್ದು ಅಲ್ಲಿಗೆ. ಮೋಶೆ ಬೆಳೆದದ್ದು ಅಲ್ಲಿ. ಹೆರೋದನ ಕತ್ತಿಯಿಂದ ಬಾಲಯೇಸುವನ್ನು ಉಳಿಸಲು ಪವಿತ್ರ ಕುಟುಂಬ ಓಡಿಹೋದದ್ದೂ ಅಲ್ಲಿಗೇ.

ಈಜಿಪ್ಟಿನ ದೇವರುಗಳ ಚಿತ್ರ ಕಂಡ ಮಕ್ಕಳು ಮೊದಲು ನಗುತ್ತಾರೆ. ನರಿಯ ತಲೆಯ ಅನುಬಿಸ್, ಗಿಡುಗನ ತಲೆಯ ಹೋರಸ್, ಮೊಸಳೆಯ ತಲೆಯ ಸೋಬೆಕ್, ಬೆಕ್ಕಿನ ರೂಪದ ಬಾಸ್ಟೆಟ್, ಹಸುವಿನ ಕೊಂಬಿನ ಹಾಥೋರ್, ಕೊಕ್ಕರೆಯಂಥ ಹಕ್ಕಿಯ ತಲೆ ಹೊತ್ತ ಬರಹದ ದೇವರು ಥೋಥ್. ಆದರೆ ಒಂದೊಂದಕ್ಕೂ ಕಾರಣವುಂಟು. ಮರಳುಗಾಡಿನ ಅಂಚಿನ ಹೂಳುಗುಂಡಿಗಳ ಸುತ್ತ ರಾತ್ರಿ ಸುಳಿಯುತ್ತಿದ್ದದ್ದು ನರಿ. ಹೆಣವನ್ನು ಕೆದಕುವ ಆ ಪ್ರಾಣಿಯನ್ನೇ ಹೆಣ ಕಾಯುವ ದೇವರನ್ನಾಗಿ ಮಾಡಿಕೊಂಡರು. ಭಯಪಡಿಸುವುದನ್ನು ಒಲಿಸಿಕೊಳ್ಳುವ ಉಪಾಯವಿದು. ನಮ್ಮ ಹಳ್ಳಿಗಳಲ್ಲಿ ಇದು ಅಪರಿಚಿತವೇನಲ್ಲ.

ಹಿಂದೂಪುರದಿಂದ ಲೇಪಾಕ್ಷಿಗೆ ಹೋದವರು ಅಲ್ಲಿನ ನಂದಿಯನ್ನು ನೋಡಿರುತ್ತಾರೆ. ಸುಮಾರು 27 ಅಡಿ ಉದ್ದ, 15 ಅಡಿ ಎತ್ತರದ ಒಂದೇ ಕಲ್ಲಿನ ಬಸವ. ಅದಕ್ಕೆ ಕೈಮುಗಿಯುವ ನೆರೆಮನೆಯವರು ಹೊಲದ ಎತ್ತಿಗೂ ದೇವರಿಗೂ ವ್ಯತ್ಯಾಸ ತಿಳಿಯದವರಲ್ಲ. ಈಜಿಪ್ಟಿನವರಿಗೂ ಗಿಡುಗನ ತಲೆ ಎಂದರೆ ಎತ್ತರದಿಂದ ಎಲ್ಲವನ್ನೂ ಕಾಣುವ ಶಕ್ತಿಯ ಗುರುತು. ನಮ್ಮ ದೇವಾಲಯಗಳಲ್ಲೇ ಸಂತ ಮಾರ್ಕನಿಗೆ ಸಿಂಹ, ಸಂತ ಲೂಕನಿಗೆ ಹೋರಿ, ಸಂತ ಯೊವಾನ್ನನಿಗೆ ಹದ್ದು ಇಲ್ಲವೇ? ಗುರುತಿಗೂ ಗುರುತಿಸಲ್ಪಟ್ಟವನಿಗೂ ನಡುವಿನ ಗೆರೆ ಅಳಿಸಿದಾಗ ಮಾತ್ರ ತೊಂದರೆ. ಮೆಂಫಿಸ್ ನಗರದಲ್ಲಿ 'ಆಪಿಸ್' ಎಂಬ ಜೀವಂತ ಹೋರಿಯನ್ನೇ ದೇವರ ರೂಪವೆಂದು ಸಾಕಿ, ಸತ್ತಾಗ ಅರಸನಿಗೆ ಮಾಡುವಂತೆ ಸಂಸ್ಕಾರ ಮಾಡುತ್ತಿದ್ದರು. ಸೀನಾಯಿ ಬೆಟ್ಟದ ಬುಡದಲ್ಲಿ ಇಸ್ರಯೇಲರು ಚಿನ್ನದ ಕರುವನ್ನು ಎರಕ ಹೊಯ್ದದ್ದನ್ನು (ವಿಮೋ 32) ಓದುವಾಗ, ಅವರು ಈಜಿಪ್ಟಿನಿಂದ ಹೊರಟುಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು.

ಹತ್ತು ಉಪದ್ರವಗಳ ಕಥೆಯೂ ಹೀಗೆ ನೋಡಿದರೆ ಬೇರೆಯಾಗಿ ಕಾಣುತ್ತದೆ. ಈಜಿಪ್ಟಿನ ದೇವತೆಗಳಿಗೆಲ್ಲ ನ್ಯಾಯತೀರ್ಪು ಕೊಡುವೆನೆಂದು ದೇವರು ಹೇಳುತ್ತಾರೆ (ವಿಮೋ 12:12). ನೈಲ್ ರಕ್ತವಾದಾಗ ಸೋತದ್ದು ಹಾಪಿ. ಕಪ್ಪೆಗಳು ಮನೆ ಹೊಕ್ಕಾಗ ನಗೆಪಾಟಲಾದದ್ದು ಹೆರಿಗೆಯನ್ನು ಕಾಯುವ ಕಪ್ಪೆ ಮುಖದ ದೇವತೆ ಹೆಕೆಟ್. ಮೂರು ದಿನ ಕತ್ತಲೆ ಕವಿದಾಗ ಸೋತವನು ಎಲ್ಲರಿಗಿಂತ ದೊಡ್ಡವನಾದ ಸೂರ್ಯದೇವ ರಾ. ಆ ರಾ ಹಗಲೆಲ್ಲ ಆಕಾಶದಲ್ಲಿ ದೋಣಿ ನಡೆಸಿ, ರಾತ್ರಿ ಪಾತಾಳದಲ್ಲಿ ಅಪೆಪ್ ಎಂಬ ಮಹಾಸರ್ಪದೊಡನೆ ಹೋರಾಡಿ ಗೆದ್ದು ಮರಳುತ್ತಾನೆ ಎಂದು ಅವರು ನಂಬಿದ್ದರು. ಬೆಳಗಾಗುವುದು ಅವರಿಗೆ ತಾನಾಗಿ ಆಗುವ ಸಂಗತಿಯಾಗಿರಲಿಲ್ಲ. ಪ್ರತಿದಿನವೂ ಅದೊಂದು ಗೆಲುವು.

ಜನಸಾಮಾನ್ಯರ ಎದೆಗೆ ಹತ್ತಿರವಾದ ಕಥೆ ಮಾತ್ರ ಒಸಿರಿಸ್ ಮತ್ತು ಇಸಿಸ್‌ರದು. ಒಳ್ಳೆಯ ಅರಸ ಒಸಿರಿಸ್‌ನನ್ನು ತಮ್ಮನಾದ ಸೇಥ್ ಹೊಟ್ಟೆಕಿಚ್ಚಿನಿಂದ ಕೊಲ್ಲುತ್ತಾನೆ. ಹೆಂಡತಿ ಇಸಿಸ್ ಅಳುತ್ತಾ ಊರೂರು ಅಲೆದು ಗಂಡನ ದೇಹವನ್ನು ಹುಡುಕಿ ಜೋಡಿಸಿ ಜೀವ ತುಂಬುತ್ತಾಳೆ. ಮಗ ಹೋರಸ್ ಬೆಳೆದು ರಾಜ್ಯವನ್ನು ಮರಳಿ ಪಡೆಯುತ್ತಾನೆ. ಒಸಿರಿಸ್ ಭೂಮಿಗೆ ಹಿಂತಿರುಗದೆ ಸತ್ತವರ ಲೋಕದ ಅರಸನಾಗುತ್ತಾನೆ. ಸತ್ತವರ ಜೊತೆ ಒಸಿರಿಸ್‌ನ ಆಕಾರದ ಮರದ ಅಚ್ಚಿನಲ್ಲಿ ಮಣ್ಣು ತುಂಬಿ ಕಾಳು ಬಿತ್ತಿ ಇಡುವ ಪದ್ಧತಿಯೂ ಇತ್ತು. 1922ರಲ್ಲಿ ಹೋವರ್ಡ್ ಕಾರ್ಟರ್ ಪತ್ತೆಹಚ್ಚಿದ ತುತನ್‌ಖಾಮನ್ ಅರಸನ ಗೋರಿಯಲ್ಲಿ ಅಂಥದ್ದೊಂದು ಸಿಕ್ಕಿತು. ಕತ್ತಲಲ್ಲೇ ಮೊಳೆತು ಒಣಗಿಹೋದ ಪೈರು ಅದರಲ್ಲಿತ್ತು. ಗೋದಿಯ ಕಾಳು ಮಣ್ಣಿಗೆ ಬಿದ್ದು ಸಾಯುವುದರ ಬಗ್ಗೆ ಪ್ರಭು ಹೇಳಿದ ಮಾತು (ಯೊವಾ 12:24) ಇಲ್ಲಿ ನೆನಪಾಗದೆ ಇರದು.

ಇಸಿಸ್ ಮಗುವಿಗೆ ಹಾಲೂಡಿಸುವ ವಿಗ್ರಹಗಳನ್ನು ತೋರಿಸಿ, ಮಾತೆ ಮರಿಯಮ್ಮನವರ ಚಿತ್ರಗಳೆಲ್ಲ ಅದರ ನಕಲು ಎನ್ನುವವರಿದ್ದಾರೆ. ಈಜಿಪ್ಟಿನ ಕಲಾವಿದರ ಕೈಯಲ್ಲಿ ಹಳೆಯ ಶೈಲಿ ಉಳಿದಿದ್ದೀತು, ಅಲ್ಲಗಳೆಯಬೇಕಿಲ್ಲ. ಆದರೆ ತಾಯಿ ಮಗುವನ್ನು ಎತ್ತಿಕೊಂಡಿರುವುದನ್ನು ಚಿತ್ರಿಸಲು ಯಾರಿಂದ ನಕಲು ಮಾಡಬೇಕು? ಪ್ರತಿ ಮನೆಯ ಜಗುಲಿಯಲ್ಲೂ ಅದೇ ಚಿತ್ರವಿದೆ.

ಇನ್ನು ಅವರ ಶವಸಂಸ್ಕಾರ. ದೇಹ ಉಳಿದರೆ ಮಾತ್ರ ಆತ್ಮಕ್ಕೆ ನೆಲೆ ಎಂಬ ನಂಬಿಕೆಯಿಂದ ಎಪ್ಪತ್ತು ದಿನಗಳ ಕ್ರಿಯೆ ನಡೆಸುತ್ತಿದ್ದರು. ಮೆದುಳನ್ನು ಮೂಗಿನ ಮೂಲಕ ತೆಗೆದು ಎಸೆಯುತ್ತಿದ್ದರು. ಪಿತ್ತಜನಕಾಂಗ, ಶ್ವಾಸಕೋಶ, ಜಠರ, ಕರುಳುಗಳನ್ನು ನಾಲ್ಕು ಜಾಡಿಗಳಲ್ಲಿ ಇಡುತ್ತಿದ್ದರು. ದೇಹವನ್ನು ನೇಟ್ರಾನ್ ಎಂಬ ಉಪ್ಪಿನಲ್ಲಿ ಒಣಗಿಸಿ ನಾರುಬಟ್ಟೆಯಲ್ಲಿ ಸುತ್ತುತ್ತಿದ್ದರು. ಹೃದಯವನ್ನು ಮಾತ್ರ ತೆಗೆಯುತ್ತಿರಲಿಲ್ಲ, ಏಕೆಂದರೆ ಯೋಚಿಸುವುದೂ ನೆನಪಿಡುವುದೂ ಹೃದಯವೇ ಎಂದು ನಂಬಿದ್ದರು. ಯಕೋಬನ ದೇಹಕ್ಕೂ ಜೋಸೆಫನು ಈ ಸಂಸ್ಕಾರ ಮಾಡಿಸಿದನು, ಈಜಿಪ್ಟಿನವರು ಎಪ್ಪತ್ತು ದಿನ ಶೋಕಿಸಿದರು (ಆದಿ 50:2-3). ಜೋಸೆಫನ ದೇಹಕ್ಕೂ ಹಾಗೆಯೇ ಆಯಿತು. ಆದರೆ ಅವನು ತನ್ನ ಎಲುಬುಗಳನ್ನು ಅಲ್ಲಿ ಬಿಡಬೇಡಿರೆಂದು ಪ್ರಮಾಣ ಮಾಡಿಸಿಕೊಂಡಿದ್ದ. ಬಡವರಿಗೆ ಇದಾವುದೂ ಇಲ್ಲ. ಮರಳಲ್ಲಿ ಒಂದು ಗುಂಡಿ, ಪಕ್ಕದಲ್ಲಿ ಒಂದೆರಡು ಮಡಕೆ, ಅಷ್ಟೇ. ವಿಚಿತ್ರವೆಂದರೆ ಬಿಸಿ ಮರಳು ಅಂಥ ಎಷ್ಟೋ ದೇಹಗಳನ್ನು ಬಿಡಿಗಾಸಿನ ಖರ್ಚಿಲ್ಲದೆ ಒಣಗಿಸಿ ಕಾಪಾಡಿತು.

ಸತ್ತವರಿಗಾಗಿ ಮನೆ ಕಟ್ಟಿದವರು ಈಜಿಪ್ಟಿನವರು ಮಾತ್ರವಲ್ಲ. ಕಲ್ಯಾಣದುರ್ಗದ ಹತ್ತಿರದ ಮುದಿಗಲ್ಲಿನಲ್ಲಿ (ಹೆಸರೇ ಕನ್ನಡದ 'ಮುದಿ ಕಲ್ಲು' ಎಂಬಂತೆ ಕೇಳಿಸುತ್ತದೆ) ಪ್ರಾಚೀನ ಕಲ್ಲುಗೋರಿಗಳಿವೆ. ಬ್ರಿಟಿಷರ ಕಾಲದ ಬರಹಗಳಲ್ಲೇ ಅವುಗಳ ಉಲ್ಲೇಖವಿದೆ. ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಇಂಥ ಗೋರಿಗಳನ್ನು ತೆಲುಗಿನವರು 'ರಾಕ್ಷಸ ಗುಳ್ಳು' ಎನ್ನುತ್ತಾರೆ. ಕನ್ನಡ ಸೀಮೆಯಲ್ಲಿ ಕೆಲವೆಡೆ 'ಮೋರೇರ ಮನೆ' ಎನ್ನುವುದುಂಟು. ರಾಯದುರ್ಗ ದಾಟಿ ಹೋದರೆ ಸಿಗುವ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಇಂಥವನ್ನೇ ಅಗೆಸಿದರು. ಒಳಗೆ ಎಲುಬುಗಳು, ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಸಲಕರಣೆಗಳು ಸಿಕ್ಕವು. ಗೋರಿಯ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿಯೂ ಇತ್ತು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಜನ ಬರಹವನ್ನು ಬಿಟ್ಟುಹೋಗಿಲ್ಲ, ಅವರ ದೇವರುಗಳ ಹೆಸರು ನಮಗೆ ತಿಳಿಯದು. ಆದರೆ ಸತ್ತವನ ಪಕ್ಕದಲ್ಲಿ ಮಡಕೆ ಇಟ್ಟ ಕೈ ಏನನ್ನು ನಂಬಿತ್ತೆಂದು ಊಹಿಸಲು ಬರಹ ಬೇಕಿಲ್ಲ. ದಕ್ಷಿಣದ ಅನೇಕ ಕಡೆ ಇಂಥ ಚಪ್ಪಡಿಗಳು ಮನೆಯ ಕಟ್ಟಡಕ್ಕೆ ಹೋಗಿವೆ, ನಿಧಿಯಾಸೆಗೆ ಗೋರಿಗಳನ್ನು ಅಗೆದದ್ದೂ ಉಂಟು. ರಾಕ್ಷಸರದೆಂದು ಕರೆದುಬಿಟ್ಟರೆ ಕೀಳುವುದು ಸುಲಭ. ಅವೂ ಯಾರದೋ ಅಪ್ಪ ಅಮ್ಮಂದಿರ ಸಮಾಧಿಗಳೇ ಎಂಬುದನ್ನು ನಮ್ಮ ಮಕ್ಕಳಿಗಾದರೂ ಹೇಳೋಣ.

ಈ ಗೋರಿ ಕಟ್ಟಿದವರಿಗೂ ಈಜಿಪ್ಟಿನವರಿಗೂ ನಂಟಿತ್ತೆಂದು ಯಾರೂ ತಪ್ಪು ತಿಳಿಯಬಾರದು. ನಂಟು ಬಂದದ್ದು ಆಮೇಲೆ. ಗುತ್ತಿಯ ಹತ್ತಿರದ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಹದಿನಾಲ್ಕು ಪ್ರಧಾನ ಶಾಸನಗಳಿವೆ. ಆ ಸಾಲಿನ 13ನೆಯ ಶಾಸನ ಹೆಸರಿಸುವ ಪರದೇಶದ ಅರಸರಲ್ಲಿ 'ತುರಮಾಯ' ಒಬ್ಬ. ಅವನೇ ಈಜಿಪ್ಟನ್ನು ಆಳುತ್ತಿದ್ದ ಟಾಲೆಮಿ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆಂದು ಗೋವಿಂದ ಪೈ ಮುಂತಾದವರು ವಾದಿಸಿದ್ದೂ ಓದುಗರಿಗೆ ತಿಳಿದಿರಬಹುದು. ವಿದ್ವಾಂಸರಲ್ಲಿ ಅದಕ್ಕೆ ಒಮ್ಮತವಿಲ್ಲ.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದನ್ನು ನಮ್ಮ ನೆರೆಹೊರೆಯಲ್ಲಿ ನೋಡುತ್ತೇವೆ. ಈಜಿಪ್ಟಿನವರೂ ಗೋರಿಯ ಮುಂದೆ ರೊಟ್ಟಿ, ಮದ್ಯ, ಮಾಂಸ ಇಡುತ್ತಿದ್ದರು. ಆದರೆ ಮೊಮ್ಮಕ್ಕಳ ಕಾಲಕ್ಕೆ ಎಡೆ ನಿಂತುಹೋಗುತ್ತದೆಂಬುದನ್ನು ಅನುಭವದಿಂದ ಕಂಡುಕೊಂಡಿದ್ದರು. ಅದಕ್ಕೇ ಗೋರಿಯ ಕಲ್ಲಿನ ಮೇಲೆ ದಾರಿಹೋಕರಿಗೆ ಒಂದು ಬಿನ್ನಹ ಕೆತ್ತಿಸುತ್ತಿದ್ದರು: ಏನೂ ಕೊಡಬೇಕಾಗಿಲ್ಲ, ಈ ಅರ್ಪಣೆಯ ಮಾತನ್ನು ಬಾಯಲ್ಲಿ ಹೇಳಿ ಹೋದರೆ ಸಾಕು, ಅದು ನಮಗೆ ಸಲ್ಲುತ್ತದೆ ಎಂದು. ನಮ್ಮ ಸ್ಮಶಾನದ ಶಿಲುಬೆಗಳ ಮೇಲೆ ಇವರ ಆತ್ಮಕ್ಕಾಗಿ ಪ್ರಾರ್ಥಿಸಿರೆಂದು ಬರೆಸುವುದೂ ಅಂಥದೇ ಬಿನ್ನಹ. ನಮ್ಮದು ಹೋಗಿ ಸೇರುವುದು ದೇವರಿಗೆ ಎಂಬುದು ನಿಜ. ಆದರೆ ಮರೆತುಹೋಗುವ ಭಯ ಎರಡರಲ್ಲೂ ಒಂದೇ.

ಸತ್ತ ಮೇಲೆ ಎಲ್ಲರೂ ಹೋಗಬೇಕಾದದ್ದು ಒಸಿರಿಸ್‌ನ ನ್ಯಾಯಸಭೆಗೆ. ಅಲ್ಲಿ ತಕ್ಕಡಿಯ ಒಂದು ತಟ್ಟೆಯಲ್ಲಿ ಸತ್ತವನ ಹೃದಯ, ಇನ್ನೊಂದರಲ್ಲಿ ಒಂದು ಗರಿ. ಅದು ಸತ್ಯ ನ್ಯಾಯಗಳ ದೇವತೆ ಮಾತ್‌ಳ ಗರಿ. ಅನುಬಿಸ್ ತೂಗುತ್ತಾನೆ, ಥೋಥ್ ಬರೆದುಕೊಳ್ಳುತ್ತಾನೆ. ಮೊಸಳೆಯ ಬಾಯಿ, ಸಿಂಹದ ಎದೆ, ನೀರಾನೆಯ ಹಿಂಭಾಗವಿರುವ ಅಮ್ಮಿಟ್ ಪಕ್ಕದಲ್ಲಿ ಕಾದಿರುತ್ತಾಳೆ. ಹೃದಯ ಭಾರವಾದರೆ ಅವಳ ಪಾಲು. 42 ನ್ಯಾಯಾಧೀಶರ ಮುಂದೆ ಸತ್ತವನು ತಾನು ಮಾಡದ ಪಾಪಗಳನ್ನು ಹೇಳಬೇಕು: ಕೊಲ್ಲಲಿಲ್ಲ, ಯಾರನ್ನೂ ಅಳಿಸಲಿಲ್ಲ, ತೂಕದಲ್ಲಿ ಮೋಸ ಮಾಡಲಿಲ್ಲ, ಹರಿಯುವ ನೀರಿಗೆ ಅಡ್ಡ ಕಟ್ಟಲಿಲ್ಲ, ಮಕ್ಕಳ ಬಾಯಿಂದ ಹಾಲು ಕಸಿಯಲಿಲ್ಲ. ಇನ್ನೂ ಮುಂದೆ, ಹಸಿದವನಿಗೆ ರೊಟ್ಟಿ, ಬಾಯಾರಿದವನಿಗೆ ನೀರು, ಬೆತ್ತಲೆಯವನಿಗೆ ಬಟ್ಟೆ, ದೋಣಿಯಿಲ್ಲದವನಿಗೆ ದೋಣಿ ಕೊಟ್ಟೆನೆನ್ನುತ್ತಾನೆ. ಪ್ರಭು ಹುಟ್ಟುವುದಕ್ಕೆ ಸಾವಿರ ವರ್ಷಗಳಿಗೂ ಮೊದಲಿನ ಮಾತಿದು. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯ ಬಲ್ಲವರಿಗೆ ಮೈ ಜುಮ್ಮೆನ್ನದೆ ಇರದು. ಇತರ ಧರ್ಮಗಳಲ್ಲಿರುವ ಸತ್ಯವಾದುದನ್ನೂ ಪವಿತ್ರವಾದುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿದ್ದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಆದರೆ ಒಂದು ವ್ಯತ್ಯಾಸ ದೊಡ್ಡದು. ಒಸಿರಿಸ್ ಸಿಂಹಾಸನದಲ್ಲಿ ಕುಳಿತು ಲೆಕ್ಕ ಕೇಳುತ್ತಾನೆ. ಆ ಹಸಿದವನು ನಾನೇ ಆಗಿದ್ದೆ ಎಂದು ಅವನೆಂದೂ ಹೇಳುವುದಿಲ್ಲ.

ಇನ್ನೊಂದು ಸಂಗತಿ ಮನ ಕಲಕುವಂಥದು. ತಮ್ಮ ಹೃದಯ ಏನು ಹೇಳಿಬಿಡುತ್ತದೋ ಎಂದು ಈಜಿಪ್ಟಿನವರಿಗೆ ಭಯವಿತ್ತು. ಅದಕ್ಕಾಗಿ ಹೆಣದ ಎದೆಯ ಮೇಲೆ ದುಂಬಿಯಾಕಾರದ ಕಲ್ಲೊಂದನ್ನು ಇಡುತ್ತಿದ್ದರು. ತನ್ನ ವಿರುದ್ಧ ಸಾಕ್ಷಿ ಹೇಳಬೇಡವೆಂದು ಹೃದಯವನ್ನೇ ಬೇಡಿಕೊಳ್ಳುವ ಮಂತ್ರ ಅದರ ಮೇಲಿರುತ್ತಿತ್ತು. ಉತ್ತರಗಳೆಲ್ಲ ಬರೆದಿರುವ 'ಮೃತರ ಪುಸ್ತಕ'ದ ಸುರುಳಿಗಳು ಹೆಸರಿನ ಜಾಗ ಖಾಲಿ ಬಿಟ್ಟು ಸಿದ್ಧವಾಗಿ ಮಾರಾಟಕ್ಕೂ ಇರುತ್ತಿದ್ದವು. ಕೊಂಡವನು ತನ್ನ ಹೆಸರು ಬರೆಸಿಕೊಂಡರಾಯಿತು. ಹಣವಂತನಿಗೆ ಪರೀಕ್ಷೆಯ ಉತ್ತರ ಮೊದಲೇ ಕೈಗೆ ಸಿಕ್ಕಂತೆ! ನಗುವ ಮುನ್ನ ನಮ್ಮ ಸ್ಮಶಾನದ ಕಡೆಗೊಮ್ಮೆ ನೋಡೋಣ. ಬದುಕಿದ್ದಾಗ ತಂದೆಯ ಔಷಧಿಗೆ ಲೆಕ್ಕ ಹಾಕಿದವರು ಸಾಲ ಮಾಡಿ ಗ್ರಾನೈಟ್ ಸಮಾಧಿ ಕಟ್ಟಿಸುತ್ತಾರೆ. ಒಂದೇ ಸಮಾಧಿಯ ಎರಡು ಬದಿ ನಿಂತು ಮೇಣದ ಬತ್ತಿ ಹಚ್ಚುವ ಅಣ್ಣತಮ್ಮಂದಿರು ಜಮೀನಿನ ಜಗಳದಿಂದ ಮಾತೇ ಬಿಟ್ಟಿರುತ್ತಾರೆ. ದುಂಬಿಕಲ್ಲಿಗೂ ಗ್ರಾನೈಟಿಗೂ ಹೆಚ್ಚಿನ ಅಂತರವಿಲ್ಲ. ಪಾಪನಿವೇದನೆಯಲ್ಲಿ ನಡೆಯುವುದು ಇದರ ತಿರುವುಮುರುವು. ಅಲ್ಲಿ ಹೃದಯದ ಬಾಯಿ ಕಟ್ಟಬೇಕಾಗಿಲ್ಲ, ಬಿಚ್ಚಬೇಕು.

ಆ ಹಳೆಯ ಧರ್ಮ ಮೆಲ್ಲನೆ ಆರಿಹೋಯಿತು. ಇಸಿಸ್‌ಳ ಫಿಲೇ ದೇಗುಲದ ಗೋಡೆಯ ಮೇಲೆ ಕ್ರಿ.ಶ. 394ರಲ್ಲಿ ಕೆತ್ತಿದ್ದೇ ಚಿತ್ರಲಿಪಿಯ ಕೊನೆಯ ಶಾಸನ. ನಂತರ ಅದನ್ನು ಓದಬಲ್ಲವರೇ ಇಲ್ಲವಾದರು. ಆದರೆ ಅವರ ಭಾಷೆ ಸಾಯಲಿಲ್ಲ. ಕ್ರೈಸ್ತರಾದ ಈಜಿಪ್ಟಿನವರು, ಅಂದರೆ ಕಾಪ್ಟಿಕರು, ತಮ್ಮ ಪೂಜಾವಿಧಿಯಲ್ಲಿ ಅದನ್ನು ಉಳಿಸಿಕೊಂಡರು. 1822ರಲ್ಲಿ ಶಾಂಪೋಲಿಯನ್ ಚಿತ್ರಲಿಪಿಯ ಗುಟ್ಟು ಬಿಡಿಸಿದಾಗ ಅವನ ನೆರವಿಗೆ ಬಂದದ್ದು ಅವನು ಕಲಿತಿದ್ದ ಆ ಕಾಪ್ಟಿಕ್ ಭಾಷೆಯೇ. ಜೀವದ ಸಂಕೇತವಾದ 'ಆಂಖ್' ಎಂಬ ಕೊಂಡಿಯ ಗುರುತನ್ನೂ ಅವರು ಶಿಲುಬೆಯ ಒಂದು ರೂಪವಾಗಿ ಉಳಿಸಿಕೊಂಡರು.

ಮರಳುಗಾಡಿನ ತಪಸ್ವಿ ಸಂತ ಅಂತೋಣಿಯವರು (ಪಾದುವದವರಲ್ಲ, ಜನವರಿ 17ರಂದು ನಾವು ಸ್ಮರಿಸುವವರು) ಇದೇ ಈಜಿಪ್ಟಿನವರು. ಅವರ ಕಾಲದಲ್ಲಿ ಕ್ರೈಸ್ತರು ಕೂಡ ಪೂಜ್ಯರ ದೇಹಗಳನ್ನು ಹೂಳದೆ, ಬಟ್ಟೆ ಸುತ್ತಿ ಮನೆಗಳಲ್ಲಿ ಇಟ್ಟುಕೊಳ್ಳುವ ವಾಡಿಕೆಯಿತ್ತು. ಅಂತೋಣಿಯವರಿಗೆ ಅದು ಸ್ವಲ್ಪವೂ ಒಪ್ಪಿಗೆಯಾಗಿರಲಿಲ್ಲ. ಪ್ರಭುವಿನ ದೇಹವನ್ನೇ ಸಮಾಧಿಯಲ್ಲಿಟ್ಟು ಕಲ್ಲು ಮುಚ್ಚಿರುವಾಗ ನಮ್ಮದು ಯಾವ ದೊಡ್ಡ ದೇಹ ಎಂಬುದು ಅವರ ಭಾವ. 356ರಲ್ಲಿ ಸಾವು ಹತ್ತಿರವಾದಾಗ ಜೊತೆಗಿದ್ದ ಇಬ್ಬರು ಶಿಷ್ಯರನ್ನು ಕರೆದು, ತಮ್ಮನ್ನು ಮಣ್ಣಿನಲ್ಲಿ ಹೂಳಬೇಕೆಂದೂ ಜಾಗವನ್ನು ಯಾರಿಗೂ ಹೇಳಬಾರದೆಂದೂ, ಪುನರುತ್ಥಾನದ ದಿನ ಪ್ರಭುವಿನಿಂದಲೇ ಅದನ್ನು ಮರಳಿ ಪಡೆಯುವೆನೆಂದೂ ಹೇಳಿದರು. ಶಿಷ್ಯರು ಹಾಗೆಯೇ ಮಾಡಿದರು. ಸಂತ ಅಥನಾಸಿಯುಸರು ಅವರ ಜೀವನಚರಿತ್ರೆ ಬರೆಯುವಾಗ ಆ ಜಾಗ ಆ ಇಬ್ಬರಿಗಲ್ಲದೆ ಇನ್ನಾರಿಗೂ ತಿಳಿದಿರಲಿಲ್ಲ.